ಎರಡು ಸುಳಿಯ ತಲೆ

ನನ್ನ ತಲೆಯಲ್ಲಿ ಎರಡು ಸುಳಿ ಇವೆ. ಒಂದು ಎಲ್ಲರಿಗೂ ಇರುವ ಜಾಗದಲ್ಲಿ, ಇನ್ನೊಂದು ಅದಕ್ಕೆ ಎರಡು ಬೆರಳು ಎಡಕ್ಕೆ. ಎಡಗಡೆಯ ಸುಳಿಯ ಮೇಲಿನ ಕೂದಲನ್ನು ಒಂದು ಚೂರು ಹೆಚ್ಚಾಗಿ ಕತ್ತರಿಸಿದರೂ ಅದು ನೆಟ್ಟಗೆ ಎದ್ದು ನಿಲ್ಲುತ್ತದೆ. ನೀರು ಹಚ್ಚಿ, ಎಣ್ಣೆ ಹಚ್ಚಿ, ಟವೆಲ್ ಬಿಗಿದುಕೊಂಡು ಮಲಗಿದರೂ ಅಷ್ಟೆ, ಜಪ್ಪಯ್ಯ ಅಂದರೂ ಕೂರುವುದಿಲ್ಲ.

ಇದರ ಮರ್ಮ ಗೊತ್ತಿದ್ದದ್ದು ಒಬ್ಬನಿಗೇ, ಶೆಟ್ಟಿಕೆರೆ ಪಕ್ಕದ ನಮ್ಮ ಊರಿನ ಕ್ಷೌರದ ತಾತನಿಗೆ. ನನ್ನ ಹುಟ್ಟುಕೂದಲು ತೆಗೆದವನೂ ಅವನೇ. ತೋಟದ ಬಾವಿಯ ಪಕ್ಕ ತೆಂಗಿನ ಮರದ ಬುಡದಲ್ಲಿ ಕುಕ್ಕರಗಾಲಲ್ಲಿ ಕೂರಿಸಿ, ತಲೆಯನ್ನು ಬಗ್ಗಿಸಿ ಹಿಡಿದು, ಎಡಗಡೆ ಮಾತ್ರ ಅರ್ಧ ಬೆರಳಷ್ಟು ಕೂದಲು ಉಳಿಸಿ ಉಳಿದದ್ದನ್ನು ಸವರುತ್ತಿದ್ದ. ಪ್ರತಿ ಸಲವೂ ಅದೇ ಮಾತು: "ಎರಡು ಸುಳಿ ಕಣಪ್ಪ ನಿಂಗೆ. ಎರಡು ಮದ್ವೆ ಆಗೋನು ನೀನು." ಮನೆಯವರೆಲ್ಲ ನಗುತ್ತಿದ್ದರು. ನಾನೂ ನಗುತ್ತಿದ್ದೆ.

ಮದುವೆಯಾದದ್ದು ಒಂದೇ. ತುರುವೇಕೆರೆ ಕಡೆಯ ಹುಡುಗಿ, ಎಂಟನೇ ಕ್ಲಾಸು ಓದಿದ್ದಳು. ನಾನಾಗ ತಿಪಟೂರಿನ ಒಂದು ಲಾರಿ ಗ್ಯಾರೇಜಿನಲ್ಲಿ ಮೆಕ್ಯಾನಿಕ್. ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು, ಗಲ್ಫಿಗೆ ಹೋಗುವುದು ಜ್ವರದ ಹಾಗೆ ಹಬ್ಬಿತ್ತು. ಮಸ್ಕತ್ತಿನ ರಸ್ತೆ ಕೆಲಸದ ಕಂಪನಿಯೊಂದಕ್ಕೆ ಡೀಸೆಲ್ ಮೆಕ್ಯಾನಿಕ್ ಬೇಕು ಎಂದು ಯಾರೋ ಹೇಳಿದರು. ಅರ್ಜಿ ಹಾಕಬೇಕು, ಪಾಸ್‌ಪೋರ್ಟಿಗೆ ಫೋಟೋ ತೆಗೆಸಬೇಕು. ತಲೆ ನೋಡಿದರೆ ಕಾಡು. ಹೆಂಡತಿಗೆ ಆಗ ಆರು ತಿಂಗಳು.

ತಾತ ಕತ್ತರಿ ಮುಟ್ಟಲೇ ಇಲ್ಲ.

"ಆಗಾಕಿಲ್ಲ ಬುಡು. ಹೆಂಡ್ರು ಬಸುರಿ ಇರೋವಾಗ ಗಂಡನ ತಲೆಗೆ ಕತ್ತರಿ ಸೋಕಿಸ್ಬಾರ್ದು. ಹೆರಿಗೆ ಆಗ್ಲಿ, ನಾನೇ ಮನೆಗೆ ಬತ್ತೀನಿ" ಅಂದ.

"ಅಲ್ಲೀಗಂಟ ಆ ಕೆಲ್ಸ ಕಾಯ್ತದಾ ತಾತ?"

"ಕೆಲ್ಸ ಹೋದ್ರೆ ಇನ್ನೊಂದು ಸಿಗ್ತದೆ ಕಣಪ್ಪ."

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಮಾರನೆಯ ದಿನ ತಿಪಟೂರಿಗೆ ಹೋಗಿ, ಬಸ್ ಸ್ಟ್ಯಾಂಡ್ ಹತ್ತಿರದ ಸಲೂನಿನಲ್ಲಿ ಕತ್ತರಿಸಿಕೊಂಡು, ಫೋಟೋ ತೆಗೆಸಿಕೊಂಡು ಬಂದೆ. ಅವ್ವ ನನ್ನ ತಲೆ ನೋಡಿ ಒಳಗೆ ಹೋದಳು. ಒಂದು ವಾರ ಕಳೆದಿತ್ತೋ ಇಲ್ಲವೋ, ಹೆಂಡತಿಗೆ ನೋವು ಬಂತು. ಉಸಿರಿಲ್ಲದ ಗಂಡು ಮಗು. ತೋಟದ ಮೂಲೆಯಲ್ಲಿ ಮಣ್ಣು ಮಾಡಿ ಬಂದೆ.

ಆಮೇಲೆ ಅವ್ವ ಬಾಯಿ ಬಿಟ್ಟಳು. ಎದ್ದರೆ ಅದೇ, ಕೂತರೆ ಅದೇ. ಒಂದು ಮಧ್ಯಾಹ್ನ ಮುದ್ದೆ ಮುರಿಯುತ್ತಿದ್ದೆ. "ತಾತ ಅಷ್ಟು ಹೇಳಿದ್ರೂ ತಲೆಗೆ ಕತ್ತರಿ ಹಾಕಿಸ್ಕೊಂಡು ಬಂದ್ಯಲ್ಲೋ, ಈಗ ಸಮಾಧಾನ ಆಯ್ತಾ?" ಅಂದಳು. ನನಗೆ ರೇಗಿಹೋಯಿತು.

"ಆಯ್ತು ಕಣವ್ವ, ನಂದೇ ತಪ್ಪು. ಎರಡು ಸುಳಿ ಐತಲ್ಲ, ಇನ್ನೊಬ್ಳನ್ನ ತಂದ್ರಾಯ್ತು ಬುಡು" ಅಂದೆ.

ಅವ್ವನ ಬಾಯಿ ಮುಚ್ಚಿಸುವುದಕ್ಕೆ ಅಂದ ಮಾತು. ಒಳಗಿನ ಕೋಣೆಯಲ್ಲಿ ಹೆಂಡತಿ ಗೋಡೆ ಕಡೆ ಮುಖ ಮಾಡಿಕೊಂಡು ಮಲಗಿದ್ದಳು. ನಾನು ಕೈ ತೊಳೆದು ಎದ್ದೆ, ಅಂದದ್ದು ಅಲ್ಲಿಗೇ ಮರೆತುಹೋಯಿತು.

ಅದೇ ವರ್ಷ ಮಸ್ಕತ್ತಿಗೆ ಹೋದೆ. ಶೆಡ್ಡಿನ ಸೆಕೆ, ಉಪ್ಪು ನೀರು, ಎಂಟು ಜನಕ್ಕೊಂದು ಕೋಣೆ, ಇದಕ್ಕೆಲ್ಲ ಹೇಗೋ ಒಗ್ಗಿಕೊಂಡೆ. ಕ್ಷೌರಕ್ಕೆ ಮಾತ್ರ ಒಗ್ಗಲು ಆಗಲಿಲ್ಲ. ನಮ್ಮ ಕಡೆ ಮಂಗಳವಾರ, ಶುಕ್ರವಾರ ತಲೆ ಮುಟ್ಟಿಸುವುದಿಲ್ಲ. ಅಲ್ಲಿ ರಜ ಇದ್ದದ್ದು ಶುಕ್ರವಾರ ಒಂದೇ. ಅವ್ವನಿಗೆ ಗೊತ್ತಾಗುವುದಿಲ್ಲ ಎಂದುಕೊಂಡು ಶುಕ್ರವಾರವೇ ಹೋಗತೊಡಗಿದೆ. ಮೊದಲ ಅಂಗಡಿಯವನು ಮೆಷಿನ್ ಹಿಡಿದು ತಲೆಯನ್ನು ತೆಂಗಿನ ಚಿಪ್ಪು ಮಾಡಿಬಿಟ್ಟ. ಎರಡನೆಯವನು ಎಡಗಡೆ ಕೂದಲು ಎದ್ದು ನಿಂತಿದ್ದು ನೋಡಿ ಗಾಬರಿಯಾಗಿ ಅದನ್ನೇ ಮತ್ತೆ ಮತ್ತೆ ಕತ್ತರಿಸಿದ. ಕತ್ತರಿಸಿದಷ್ಟೂ ಅದು ನಿಂತಿತು. ಮೂರನೆಯವನಿಗೆ ನಾನು ಕೈಯಲ್ಲಿ ತೋರಿಸಿ ಹೇಳಿದೆ, ಇಲ್ಲಿ ಬಿಡು, ಇಲ್ಲಿ ಮುಟ್ಟಬೇಡ ಎಂದು. ನನ್ನ ಕೆಲಸ ನನಗೆ ಕಲಿಸುತ್ತೀಯಾ ಎಂದು ಮುಖ ಸಿಂಡರಿಸಿದ. ಕೋಣೆಯವರು ನನಗೆ ಹುಂಜ ಎಂದು ಹೆಸರಿಟ್ಟರು.

ನಗುವ ವಿಷಯವೇ, ನಾನೂ ನಗಬಹುದಿತ್ತು. ಆದರೆ ಪ್ರತಿ ಸಲ ಕುರ್ಚಿಯಲ್ಲಿ ಕೂತು ಕತ್ತರಿಯ ಸದ್ದು ಕೇಳಿದೊಡನೆ ತಿಪಟೂರಿನ ಆ ಸಲೂನೇ ಕಣ್ಣಮುಂದೆ ಬರುತ್ತಿತ್ತು. ಯಾವಾಗ ಮುಗಿಯುತ್ತದೋ ಎಂದು ಕಾಲು ಕುಣಿಸುತ್ತ ಕೂರುತ್ತಿದ್ದೆ. ಅಲ್ಲಾಡಬೇಡ ಎಂದು ಎಲ್ಲರೂ ಬೈಯುತ್ತಿದ್ದರು.

ಒಂದು ವರ್ಷ ಅಂಗಡಿಯಿಂದ ಅಂಗಡಿಗೆ ಅಲೆದ ಮೇಲೆ ಮಸ್ಕತ್ತಿನ ಮತ್ರಾ ಬಜಾರಿನ ಓಣಿಯೊಂದರಲ್ಲಿ ಮುಲ್ತಾನಿನ ಮುದುಕನೊಬ್ಬ ಸಿಕ್ಕಿದ. ಒಂದು ಕುರ್ಚಿ, ಒಂದು ಕನ್ನಡಿ, ಅಷ್ಟೇ ಅಂಗಡಿ. ಅವನು ಕತ್ತರಿ ಎತ್ತುವ ಮೊದಲು ಹತ್ತೂ ಬೆರಳನ್ನು ಕೂದಲೊಳಗೆ ಇಳಿಸಿ ತಲೆಯನ್ನು ಸುಮ್ಮನೆ ತಡಕಿದ. ಎಡಗಡೆ ಬಂದಾಗ ಕೈ ನಿಂತಿತು. ಎರಡು ಸುಳಿಯವನು ಎರಡು ಮದುವೆಯಾಗುತ್ತಾನೆ, ಗೊತ್ತೇನು, ಎಂದು ಉರ್ದುವಿನಲ್ಲಿ ಕೇಳಿದ. ತಿಪಟೂರಿನ ಕೊಬ್ಬರಿ ಮಂಡಿಯ ಸುತ್ತಮುತ್ತ ಕಲಿತಿದ್ದ ನನ್ನ ಅರೆಬರೆ ಉರ್ದುವಿಗೆ ಅಷ್ಟು ಅರ್ಥವಾಯಿತು. ಊರು ಬಿಟ್ಟ ಮೇಲೆ ಆ ಮಾತು ಕೇಳಿದ್ದು ಅದೇ ಮೊದಲು. ಆ ದಿನ ಕಾಲು ಕುಣಿಸಲಿಲ್ಲ. ಅವನು ಎಡಗಡೆ ಅರ್ಧ ಬೆರಳು ಉಳಿಸಿಯೇ ಕತ್ತರಿಸಿದ.

ಎರಡು ವರ್ಷ ತುಂಬಿದ ಮೇಲೆ ರಜದಲ್ಲಿ ಊರಿಗೆ ಹೋಗಿಬಂದೆ. ಬಂದ ನಾಲ್ಕೈದು ತಿಂಗಳಿಗೆ ಕಾಗದ ಬಂತು. ಅವ್ವ ಹೇಳಿ ಬರೆಸಿದ್ದು, ಅಕ್ಷರ ಹೆಂಡತಿಯದು. ನಮ್ಮ ಮನೆಯ ಕಾಗದಗಳೆಲ್ಲ ಹಾಗೆಯೇ. ಅವ್ವ ಹೇಳುವಳು, ಇವಳು ಬರೆಯುವಳು, ಇವಳ ಸ್ವಂತದ್ದು ಎಂದು ಒಂದು ಸಾಲೂ ಇರುತ್ತಿರಲಿಲ್ಲ. "ನಿನ್ನ ಹೆಂಡತಿಗೆ ಐದು ತುಂಬಿತು. ಈ ಸಲವಾದರೂ ಹೆರಿಗೆ ಆಗುವ ತನಕ ತಲೆಗೆ ಕತ್ತರಿ ಹಾಕಿಸಬೇಡ. ಹೋದ ಸಲ ಮಗು ಹೋದದ್ದು ಯಾತರಿಂದ ಅಂತ ನಿನಗೆ ಗೊತ್ತು." ಕೊನೆಯ ಸಾಲಿನಲ್ಲಿ ಒಂದು ಪದವನ್ನು ಹೊಡೆದುಹಾಕಿ ಮತ್ತೆ ಬರೆದಿದ್ದಳು. ಅದನ್ನು ನಾನು ಆಗ ಗಮನಿಸಿದೆ, ಯೋಚಿಸಲಿಲ್ಲ.

ನನಗೆ ಇಂಥದ್ದರಲ್ಲಿ ನಂಬಿಕೆ ಇರಲಿಲ್ಲ. ಈಗಲೂ ಇಲ್ಲ. ಆದರೆ ಮಗುವನ್ನು ಕೈಯಾರೆ ಮಣ್ಣಿಗಿಟ್ಟು ಬಂದವನಿಗೆ ನಂಬಿಕೆ ಇಲ್ಲ ಎಂದು ಹೇಳಿಕೊಳ್ಳಲು ಧೈರ್ಯ ಬೇಕು, ನನಗೆ ಆ ಧೈರ್ಯ ಇರಲಿಲ್ಲ. ಈ ಮಗು ಉಳಿಯಬೇಕು. ಅದಕ್ಕೆ ಸಾವಿರಾರು ಮೈಲಿ ದೂರದಲ್ಲಿ ಕೂತು ನಾನು ಮಾಡಬಹುದಾದ ಕೆಲಸ ಅದೊಂದೇ ಇತ್ತು.

ಬಿಟ್ಟೆ. ಕೂದಲು ಕಿವಿ ಮುಚ್ಚಿತು, ಕತ್ತು ಮುಟ್ಟಿತು. ಆ ಬಿಸಿಲಿಗೆ, ಡೀಸೆಲ್ಲಿಗೆ, ಮರಳಿಗೆ ತಲೆ ಹಸಿ ಗೋಣಿಚೀಲದ ಹಾಗೆ ಭಾರವಾಯಿತು. ಶುಕ್ರವಾರ ಮಾತ್ರ ತಪ್ಪದೆ ಮುದುಕನ ಅಂಗಡಿಗೆ ಹೋಗುತ್ತಿದ್ದೆ. ವಿಷಯ ಹೇಳಿದ್ದೆ. ತನ್ನ ಊರಿನಲ್ಲಿ ಅಂಥ ಕಟ್ಟು ಇಲ್ಲ, ಆದರೆ ತಾಯಿ ಹೇಳಿದ್ದಾಳಲ್ಲ, ಮುಗಿಯಿತು, ಎಂದ. ಊರಿಂದ ಅವ್ವ ಕಳಿಸಿದ್ದ ಕೊಬ್ಬರಿ ಎಣ್ಣೆಯ ಶೀಸೆ ಒಯ್ದುಕೊಟ್ಟೆ. ಅದನ್ನು ಹಚ್ಚಿ, ತಟ್ಟಿ, ಬಾಚಿ, ಹಿಂದಕ್ಕೆ ಒಂದು ಬಟ್ಟೆ ಕಟ್ಟಿ ಕಳಿಸುತ್ತಿದ್ದ. ಎದ್ದು ಹೊರಡುವಾಗ ಕೇಳುತ್ತಿದ್ದದ್ದು ಒಂದೇ, ಕಾಗದ ಬಂತಾ ಎಂದು.

ನಮ್ಮ ಕಡೆ ತಂತಿ ಎಂದರೆ ಸಾವು. ಒಳ್ಳೆಯ ಸುದ್ದಿಗೆ ಯಾರೂ ತಂತಿ ಕೊಡುವುದಿಲ್ಲ, ಪೋಸ್ಟ್‌ಮ್ಯಾನ್ ತಂತಿ ಹಿಡಿದು ಬಂದರೆ ಬಿಚ್ಚುವ ಮೊದಲೇ ಅಳು ಶುರು. ಹಾಗಾಗಿ ಹೆರಿಗೆ ಸುಸೂತ್ರವಾದರೆ ಕಾಗದ ಬರೆಯುತ್ತಾರೆ, ಅದು ಬರಲು ಮೂರು ವಾರ. ಕೆಟ್ಟದ್ದಾದರೆ ತಂತಿ. ತಿಂಗಳು ತುಂಬಿತು. ಆಫೀಸಿನ ಪ್ಯೂನ್ ಶೆಡ್ ಕಡೆ ಬಂದರೆ ಸ್ಪ್ಯಾನರ್ ಕೆಳಗಿಟ್ಟು ಅವನು ಯಾರ ಹೆಸರು ಕರೆಯುತ್ತಾನೋ ಎಂದು ಕಾಯುತ್ತಿದ್ದೆ. ಬಿಚ್ಚಿ ಜೋಡಿಸಿದ ಪಂಪನ್ನೇ ಮತ್ತೆ ಬಿಚ್ಚುತ್ತಿದ್ದೆ. ಊಟ ಸೇರುತ್ತಿರಲಿಲ್ಲ, ಕೂತಲ್ಲಿ ಕೂರಲಾಗುತ್ತಿರಲಿಲ್ಲ. ತಿಂಗಳು ತುಂಬಿ ಹದಿನೈದು ದಿನ ಕಳೆದರೂ ಕಾಗದವಿಲ್ಲ, ತಂತಿಯೂ ಇಲ್ಲ.

ಅಷ್ಟರಲ್ಲಿ ಒಂದು ದಿನ ಓಡುತ್ತಿದ್ದ ಇಂಜಿನ್ನಿನ ಮೇಲೆ ಬಗ್ಗಿದಾಗ ಕಟ್ಟಿದ್ದ ಬಟ್ಟೆ ಬಿಚ್ಚಿ, ಒಂದು ಹಿಡಿ ಕೂದಲು ಫ್ಯಾನ್ ಬೆಲ್ಟಿಗೆ ಸಿಕ್ಕಿತು. ಪಕ್ಕದವನು ನಿಲ್ಲಿಸದಿದ್ದರೆ ನನ್ನ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಫೋರ್‌ಮನ್ ಬಂದು ನೋಡಿದ. ಶನಿವಾರ ತಲೆ ಕತ್ತರಿಸಿಕೊಂಡು ಬಾ, ಇಲ್ಲದಿದ್ದರೆ ಬರಲೇಬೇಡ, ಎಂದ. ಅವನದು ತಪ್ಪು ಅನ್ನಲಾರೆ.

ಶುಕ್ರವಾರ ಮತ್ರಾಕ್ಕೆ ಹೋದೆ. ಮುದುಕ ಎಂದಿನಂತೆ ಕೇಳಿದ, ಕಾಗದ ಬಂತಾ ಎಂದು.

ಬಂತು ಎಂದೆ.

ಅವನ ಮುಖ ಅರಳಿತು. ಗಂಡೋ ಹೆಣ್ಣೋ ಎಂದ. ಬಾಯಿಗೆ ಬಂದದ್ದು ಹೆಣ್ಣು. ಮುದುಕ ಎರಡೂ ಕೈ ಎತ್ತಿ ಕೂಸಿಗಾಗಿ ಪ್ರಾರ್ಥನೆ ಮಾಡಿದ, ನನ್ನ ಹೆಂಡತಿಗಾಗಿಯೂ ಮಾಡಿದ. ಆಮೇಲೆ ಕತ್ತರಿ ತೆಗೆದುಕೊಂಡ. ನಾನು ಕಣ್ಣು ಮುಚ್ಚಿದೆ. ಅಷ್ಟು ಅಚ್ಚುಕಟ್ಟಾಗಿ ಅವನು ಯಾವತ್ತೂ ಕತ್ತರಿಸಿರಲಿಲ್ಲ. ಕನ್ನಡಿಯಲ್ಲಿ ನೋಡಿದರೆ ಪಾಸ್‌ಪೋರ್ಟಿನ ಹಳೆಯ ಫೋಟೋದಲ್ಲಿದ್ದ ತಲೆಯೇ ನನ್ನನ್ನು ನೋಡುತ್ತಿತ್ತು. ಎದ್ದು ಹೊರಗೆ ಬಂದೆ.

ಶನಿವಾರ ತಂತಿ ಬರಲಿಲ್ಲ. ಭಾನುವಾರ ಬರಲಿಲ್ಲ. ಸೋಮವಾರ ಪ್ಯೂನ್ ಬಂದು ಬೇರೆ ಯಾರನ್ನೋ ಕರೆದುಕೊಂಡು ಹೋದ, ನಾನು ಲಾರಿಯ ಕೆಳಗೆ ಹೋಗಿ ಮಲಗಿಬಿಟ್ಟೆ. ಮಂಗಳವಾರ ಕಾಗದ ಬಂತು.

ಅದು ತುರುವೇಕೆರೆಯಿಂದ, ಅವಳ ತವರುಮನೆಯಿಂದ ಬಂದದ್ದು. ಹೇಳಿ ಬರೆಸುವವರು ಪಕ್ಕದಲ್ಲಿ ಯಾರೂ ಇರಲಿಲ್ಲ.

"ಹೆಣ್ಣು ಮಗು ಆಗಿದೆ. ಇಬ್ಬರೂ ಚೆನ್ನಾಗಿದ್ದೇವೆ" ಎಂದು ಮೊದಲ ಸಾಲಿನಲ್ಲೇ ಬರೆದಿದ್ದಳು. ದಿನ ಲೆಕ್ಕ ಹಾಕಿ ನೋಡಿದೆ. ನಾನು ಮುದುಕನ ಮುಂದೆ ಸುಳ್ಳು ಹೇಳುವ ಹೊತ್ತಿಗೆ ಮಗಳಿಗೆ ಹದಿನೇಳು ದಿನ ಆಗಿತ್ತು. ಅಲ್ಲೇ ನೆಲದ ಮೇಲೆ ಕೂತೆ. ಉಳಿದದ್ದನ್ನು ಕೂತೇ ಓದಿದೆ.

"ನಿಮಗೆ ಒಂದು ಮಾತು ಹೇಳಬೇಕು. ಹೋದ ಸಲ ನೀವು ಫೋಟೋಗೆ ಅಂತ ತಿಪಟೂರಿಗೆ ಹೋದಿರಲ್ಲ, ಅದೇ ವಾರ ನಾನು ಬಾವಿ ಹತ್ರ ಪಾಚಿ ಮೇಲೆ ಕಾಲು ಜಾರಿ ಬಿದ್ದಿದ್ದೆ. ಕೊಡ ಹೊಟ್ಟೆ ಕೆಳಗೆ ಸಿಕ್ಕಿತ್ತು. ನೀರಿಗೆ ಹೋಗಬೇಡ ಅಂದಿದ್ದರು ಅತ್ತೆ, ನಾನೇ ಕೇಳಲಿಲ್ಲ. ಅದಕ್ಕೇ ಆಗ ಯಾರಿಗೂ ಹೇಳಲಿಲ್ಲ. ಮಗು ಹೋದ ಮೇಲೆ ಹೇಳೇಬಿಡೋಣ ಅಂತ ಇದ್ದೆ. ಅಷ್ಟರಲ್ಲಿ ನೀವು ಊಟಕ್ಕೆ ಕೂತವರು, ಎರಡು ಸುಳಿ ಐತೆ, ಇನ್ನೊಬ್ಬಳನ್ನ ತಂದ್ರಾಯ್ತು ಅಂದ್ರಿ. ಆಮೇಲೆ ಬಾಯಿ ಬರಲಿಲ್ಲ. ನಿಮ್ಮ ತಲೆಯಿಂದ ಹೋಯ್ತು ಅಂತ ಅತ್ತೆ ಹೇಳಿದ್ದನ್ನ ನನ್ನ ಕೈಯಾರೆ ಬರೆದೆ. ಈಗ ಮಡಿಲಲ್ಲಿ ಮಗು ಐತೆ, ಧೈರ್ಯ ಬಂತು. ಬೈಯ್ಯಿರಿ. ಬೈದು ಹೋಗಿ ಕಟಿಂಗ್ ಮಾಡಿಸಿಕೊಳ್ಳಿ."

ಮೊದಲು ಬಂದದ್ದು ಸಿಟ್ಟೇ. ಸುಳ್ಳು ಯಾಕೆ ಹೇಳಲಿ. ಇಷ್ಟು ವರ್ಷ ಮಗುವನ್ನು ಕೊಂದ ಪಾಪವನ್ನು ನನ್ನ ತಲೆಗೆ ಕಟ್ಟಿ ಸುಮ್ಮನಿದ್ದಳಲ್ಲ ಎಂದು ಮೈಯೆಲ್ಲ ಉರಿಯಿತು. ಶೆಡ್ಡಿನ ಸುತ್ತ ಎಷ್ಟು ಸುತ್ತು ಹಾಕಿದೆನೋ ಗೊತ್ತಿಲ್ಲ. ಎರಡು ಸಲ ಬೈದು ಬರೆಯಲು ಕೂತೆ, ಎರಡು ಸಲವೂ ಹರಿದೆ. ಬೈಗುಳ ಬರೆಯಲು ಹೋದಾಗಲೆಲ್ಲ ಗೋಡೆ ಕಡೆ ಮುಖ ಮಾಡಿ ಮಲಗಿದ್ದ ಆ ಬೆನ್ನು ಕಾಣುತ್ತಿತ್ತು. ನಾನು ಮುದ್ದೆ ನುಂಗಿ ಕೈ ತೊಳೆಯುವಷ್ಟರಲ್ಲಿ ಮರೆತ ಮಾತನ್ನು ಅವಳು ಅಲ್ಲಿ ಮಲಗಿ ಕೇಳಿಸಿಕೊಂಡಿದ್ದಳು. ಅವ್ವನ ಮೇಲೆ ಎಸೆದ ಕಲ್ಲು ಬಿದ್ದದ್ದು ಇವಳಿಗೆ. ತಲೆಯ ಒಂದು ಹಿಡಿ ಕೂದಲಿಗೆ ಯಾರು ಕತ್ತರಿ ಹಾಕಬೇಕು ಎಂದು ನಾನು ಅಂಗಡಿ ಅಂಗಡಿ ಹುಡುಕಿದ್ದೆ. ಹೆಂಡತಿ ಯಾಕೆ ಮಾತು ಬಿಟ್ಟಳು ಎಂದು ಒಂದು ದಿನವೂ ಕೇಳಿರಲಿಲ್ಲ.

ಶುಕ್ರವಾರ ಮುದುಕನ ಅಂಗಡಿಗೆ ಹೋಗಿ, ಅವತ್ತು ಹೇಳಿದ್ದು ಸುಳ್ಳು, ಈಗ ನಿಜವಾಗಿ ಕಾಗದ ಬಂದಿದೆ, ಹೆಣ್ಣು ಮಗು, ಎಂದೆ. ಅವನು ಬೈಯಲಿಲ್ಲ. ಕುರ್ಚಿಯಲ್ಲಿ ಕೂರಿಸಿ, ಕತ್ತರಿಸಲು ಏನೂ ಇಲ್ಲದ ತಲೆಗೆ ಶೀಸೆಯಲ್ಲಿ ಉಳಿದಿದ್ದ ಎಣ್ಣೆಯನ್ನೆಲ್ಲ ಹಚ್ಚಿ ತಟ್ಟಿದ. ಎಡಗಡೆ ಸುಳಿಯ ಮೇಲೆ ಅವನ ಬೆರಳು ಬಂದಾಗ ಅಳು ಬಂತು, ಅತ್ತುಬಿಟ್ಟೆ.

ಕೋಣೆಗೆ ಬಂದು ಮೂರನೆಯ ಸಲ ಬರೆಯಲು ಕೂತೆ. ಕಟಿಂಗ್ ಆಯಿತು ಎಂದು ಬರೆದೆ. ಮಗಳಿಗೆ ಏನು ಹೆಸರಿಡಬೇಕೋ ನೀನೇ ಇಡು ಎಂದು ಬರೆದೆ. ಕೊನೆಗೆ, ಅವತ್ತೇ ಕೇಳಬೇಕಾಗಿದ್ದ ಒಂದು ಸಾಲು ಬರೆದು ಕಾಗದ ಮುಚ್ಚಿದೆ.

"ಬಿದ್ದಾಗ ನಿನಗೆ ಎಲ್ಲಿ ಪೆಟ್ಟಾಗಿತ್ತು?"