ಖಾಲಿ ಬಿಟ್ಟ ತಾರೀಖು

ಮೊನ್ನೆ ನಿಲಂಗಾದ ಬಸ್ ನಿಲ್ದಾಣದಲ್ಲಿ ಕೂತು ಮೊಬೈಲಿನಲ್ಲಿ ಒಂದು ಅರ್ಜಿ ತುಂಬುತ್ತಿದ್ದೆ. ತಾರೀಖಿನ ಖಾನೆಯೊಂದನ್ನು ಬಿಟ್ಟು ಮುಂದೆ ಹೋಗಲು ನೋಡಿದರೆ ಅದು ಕೆಂಪಗಾಗಿ, ‘ಖಾಲಿ ಬಿಡುವಂತಿಲ್ಲ’ ಎಂದಿತು. ನಿಮಗಾದರೆ ಸಿಟ್ಟು ಬರುತ್ತಿತ್ತು. ನನಗೆ ಅಂಥ ಬಿಸಿಲಿನಲ್ಲೂ ಮೈ ಜುಮ್ಮೆಂದಿತು. ನಾಗಮ್ಮ ನೆನಪಾದಳು.

ಆಗ ಉಮರ್ಗಾದಲ್ಲಿ ನನ್ನದೊಂದು ಕಂಪ್ಯೂಟರ್ ಅಂಗಡಿಯಿತ್ತು. ಬೋರ್ಡಿನ ಮೇಲೆ ‘ತಜ್ಞ’ ಎಂದು ಬರೆಸಿದ್ದೆ. ಅಲ್ಲಗಳೆಯುವಷ್ಟು ಕಂಪ್ಯೂಟರ್ ಬಲ್ಲವರು ಆ ಬೀದಿಯಲ್ಲಿ ಯಾರೂ ಇರಲಿಲ್ಲ. ಭೂಕಂಪದಲ್ಲಿ ನೆಲಸಮವಾಗಿ, ಆಮೇಲೆ ಹೊಸ ಜಾಗಕ್ಕೆ ಎದ್ದುಹೋದ ಹಳ್ಳಿಯೊಂದರ ಹಿರಿಯರು ಊರವರ ಹೆಸರುಗಳನ್ನೆಲ್ಲ ನನ್ನಿಂದ ವೆಬ್‌ಸೈಟಿಗೆ ಹಾಕಿಸಿದ್ದರು. ಬದುಕಿದವರ ಮುಂದೆ ಹೊಸ ಊರಿನ ವಿಳಾಸ, ಸತ್ತವರ ಮುಂದೆ ತಾರೀಖು. ಪುಟ ಸರಿಸುತ್ತ ಹೋದರೆ ಅದೇ ತಾರೀಖು, ಅದೇ ತಾರೀಖು. ಮಧ್ಯಾಹ್ನ ಒಬ್ಬನೇ ಕೂತು ನೋಡುವಾಗ ಆ ಹೆಸರುಗಳು ನನ್ನನ್ನೇ ನೋಡುತ್ತಿವೆ ಅನ್ನಿಸಿ, ಎದ್ದು ಹೋಗಿ ಚಹಾ ಕುಡಿದು ಬರುತ್ತಿದ್ದೆ.

ಇಡೀ ಊರು ನನ್ನ ಕಂಪ್ಯೂಟರಿನ ಒಂದು ಸಣ್ಣ ಫೈಲಿನಲ್ಲಿತ್ತು. ಪುಣೆಯಿಂದ ಇಬ್ಬರು, ಸೋಲಾಪುರದಿಂದ ಮೂವರು ಒಟ್ಟಿಗೆ ತೆರೆದರೆ ಸಾಕು, ಅದು ಏದುಸಿರು ಬಿಡುತ್ತಿತ್ತು. ಎಲ್ಲವನ್ನೂ ದೊಡ್ಡ ಸರ್ವರಿನ ಡೇಟಾಬೇಸಿಗೆ ಸಾಗಿಸಬೇಕಾಯಿತು.

ಪಕ್ಕದಲ್ಲಿ ಬಳೆ ಅಂಗಡಿ ಇಟ್ಟಿದ್ದ ನಾಗಮ್ಮ ಅದೇ ಹಳ್ಳಿಯವಳು. ಭೂಕಂಪದ ದಿನ ಆಕೆ ವಲಾಂಡಿಯ ತವರಿನಲ್ಲಿದ್ದಳು, ಗಂಡ ಶಿವರಾಜ ಊರಲ್ಲಿದ್ದ. ಅವನ ಹೆಣ ಸಿಗಲಿಲ್ಲ. ಹಾಗಾಗಿ ಆಕೆಯ ಹಣೆಯ ಕುಂಕುಮ, ಕೈಯ ಹಸಿರು ಬಳೆ ಹಾಗೇ ಉಳಿದಿದ್ದವು. ಪ್ರತಿ ಸೋಮವಾರ ಬಂದು, ಗಂಡನ ಹೆಸರಿನ ಮುಂದೆ ತಾರೀಖಿಲ್ಲ ಎಂಬುದನ್ನು ನೋಡಿಕೊಂಡು ಹೋಗುತ್ತಿದ್ದಳು.

ಸರ್ವರಿನ ವಿಷಯ ಹೇಳಿದಾಗ ಆಕೆ ಕೇಳಿದಳು: “ಒಮ್ಮೆ ಊರು ಎತ್ತಿ ಬ್ಯಾರೆ ಕಡೆ ಇಟ್ಟಾರ. ಈಗ ನೀ ಮತ್ತ ಎಲ್ಲಿಗಿ ಒಯ್ತೀಯಪಾ? ನಮ್ಮವರು ಬಂದ್ರ ದಾರಿ ಸಿಗಬೇಕಲ್ಲ.”

ನಾನು ನಕ್ಕುಬಿಟ್ಟೆ. ಆ ನಗುವಿಗೆ ಈಗಲೂ ನಾಚಿಕೆಯಾಗುತ್ತದೆ.

ಹೊಸ ಡೇಟಾಬೇಸಿನಲ್ಲಿ ನಾನೇ ಒಂದು ಕಟ್ಟಳೆ ಮಾಡಿದ್ದೆ: ಪ್ರತಿಯೊಬ್ಬರಿಗೂ ವಿಳಾಸವಿರಬೇಕು, ಇಲ್ಲವೇ ಸತ್ತ ತಾರೀಖಿರಬೇಕು. ಎರಡೂ ಇಲ್ಲದ ಸಾಲುಗಳಲ್ಲಿ ಭೂಕಂಪದ ತಾರೀಖು ತುಂಬುವಂತೆ ಒಂದೇ ಆಜ್ಞೆ ಕೊಟ್ಟೆ. ಆ ಊರಿನಲ್ಲಿ ತಾರೀಖು ಬಿಟ್ಟುಹೋಗಿದ್ದರೆ ಅದು ಬರೆದವರ ಮರೆವು, ಬೇರೇನಿದ್ದೀತು ಎಂದುಕೊಂಡೆ. ನಾಗಮ್ಮನ ನೆನಪು ಆಗಲೇ ಇಲ್ಲ.

ಸೋಮವಾರ ಆಕೆ ಬಂದಳು. ಪುಟ ತೆರೆದುಕೊಟ್ಟು ನಾನು ಬೇರೆ ಕೆಲಸದಲ್ಲಿದ್ದೆ. ತುಸು ಹೊತ್ತಿಗೆ ಹಿಂದಿನಿಂದ ತಣ್ಣಗಿನ ದನಿ ಕೇಳಿತು.

“ಎಲ್ಲಿ ಸಿಕ್ಕಾರ?”

“ಯಾರ್ರೀ ಅಕ್ಕಾ?”

“ನಮ್ಮವರು. ತಾರೀಖು ಬಂದದಲ್ಲ.”

ತಿರುಗಿದೆ. ಆಕೆ ಅಳುತ್ತಿರಲಿಲ್ಲ. ಸೆರಗಿನಿಂದ ಕುಂಕುಮ ಒರೆಸಿಕೊಂಡಾಗಿತ್ತು. ಬಳೆಗಳನ್ನು ಒಡೆಯದೆ, ಅಂಗಡಿಯಲ್ಲಿ ಗಿರಾಕಿಯ ಕೈಯಿಂದ ತೆಗೆಯುವ ಹಾಗೆ ಒಂದೊಂದಾಗಿ ಜಾರಿಸಿ ಮೇಜಿನ ಮೇಲಿಡುತ್ತಿದ್ದಳು. ನನಗೆ ಅರ್ಥವಾಗುವ ಹೊತ್ತಿಗೆ ಬಲಗೈ ಪೂರ್ತಿ ಬರಿದಾಗಿತ್ತು.

“ತಡೀರಿ ಅಕ್ಕಾ! ಅವರು ಸಿಕ್ಕಿಲ್ರೀ. ತಾರೀಖು ನಾನೇ ತುಂಬೀನಿ. ನಂದೇ ತಪ್ಪು.”

ಕಟ್ಟಳೆ ತೆಗೆದೆ, ತಾರೀಖು ಅಳಿಸಿದೆ. ಖಾನೆ ಮತ್ತೆ ಬೆಳ್ಳಗಾಯಿತು. ದೊಡ್ಡ ಅನಾಹುತ ತಪ್ಪಿಸಿದವನಂತೆ ಆಕೆಯ ಕಡೆ ನೋಡಿದೆ. ಆಕೆ ಆ ಖಾಲಿ ಜಾಗವನ್ನು ಬಹಳ ಹೊತ್ತು ನೋಡಿದಳು.

“ಆ ಒಂದು ಗಳಿಗಿ ಎದಿ ಹಗರಾಗಿತ್ತಪಾ,” ಎಂದಳು. “ಕಾಯೂದು ಮುಗೀತು ಅಂತ ತಿಳದಿದ್ದೆ.”

ಬಳೆಗಳನ್ನು ಎತ್ತಿ ಒಂದೊಂದಾಗಿ ಮತ್ತೆ ಏರಿಸಿಕೊಂಡಳು. ಆಮೇಲೆ ಯಾವ ಸೋಮವಾರವೂ ನನ್ನ ಅಂಗಡಿಗೆ ಬರಲಿಲ್ಲ.

ಹೋದ ವರ್ಷ ವಲಾಂಡಿಯಿಂದ ಆಕೆಯ ತಮ್ಮ ಫೋನು ಮಾಡಿ, ಅಕ್ಕ ತೀರಿಕೊಂಡಳು ಎಂದು ತಾರೀಖು ಹೇಳಿದ. ನಾನೇ ತುಂಬಿದೆ. ಅಂದಿನಿಂದ ಆ ಪುಟ ತೆರೆದಿರಲಿಲ್ಲ. ಮೊನ್ನೆ ಬಸ್ಸು ಬರುವವರೆಗೆ ಅರ್ಜಿಯನ್ನು ಬದಿಗಿಟ್ಟು ತೆರೆದೆ. ನಾಗಮ್ಮನ ಸಾಲಿನ ಕೆಳಗೆ ಶಿವರಾಜನ ಸಾಲಿತ್ತು. ಹೆಂಡತಿಗೆ ತಾರೀಖಿದೆ, ಗಂಡನಿಗಿಲ್ಲ ಎಂದು ಲೆಕ್ಕ ಹಾಕಿ, ಅವನ ಮುಂದೆ ಸರ್ವರು ತಾನಾಗಿ ಒಂದು ಪದ ಸೇರಿಸಿತ್ತು: ‘ವಿಧುರ’.

ಎಲ್ಲಿದ್ದಾನೋ ಗೊತ್ತಿಲ್ಲ. ಅವಳು ಸತ್ತಳೆಂದು ದುಃಖಿಸುವುದಕ್ಕೆ ಒಬ್ಬ ಗಂಡನನ್ನು ನಾನೇ ಜೀವಂತ ಉಳಿಸಿಬಿಟ್ಟಿದ್ದೇನೆ.