ಪೊರೆ ಬಲಿಯಲಿ ಎಂದರು

ತಾಳ್ಮೆಯ ಬಗ್ಗೆ ಯಾರಾದರೂ ಮಾತೆತ್ತಿದರೆ ನನಗೆ ಮೈ ಉರಿಯುತ್ತದೆ. ಮೊದಲು ಹೀಗಿರಲಿಲ್ಲ, ನಾನೂ ಎಲ್ಲರಂತೆ ತಲೆಯಾಡಿಸಿ ಸುಮ್ಮನಾಗುತ್ತಿದ್ದೆ. ಆದರೆ ನಮ್ಮ ಮನೆಯಲ್ಲಿ ತಾಳ್ಮೆಯನ್ನು ಉಪದೇಶ ಮಾಡುವ ಕೆಲಸ ಒಬ್ಬರದು, ಅದನ್ನು ಪಾಲಿಸುವ ಕೆಲಸ ಉಳಿದವರದು. ಉಪದೇಶ ಮಾಡುವವರು ನಮ್ಮ ಯಜಮಾನರು. ಉಳಿದವರು ಎಂದರೆ ನಾನು ಮತ್ತು ನಮ್ಮ ಅತ್ತೆ.

ಯಜಮಾನರು ಕೆಲಸದಿಂದ ನಿವೃತ್ತರಾದ ಮರುದಿನದಿಂದಲೇ ತಮ್ಮನ್ನು ತಾವು ತಿದ್ದಿಕೊಳ್ಳಲು ಶುರುಮಾಡಿದರು. ಜೀವಮಾನವೆಲ್ಲ ತಿದ್ದದೆ ಬಿಟ್ಟದ್ದನ್ನು ಒಂದೇ ವರ್ಷದಲ್ಲಿ ತಿದ್ದಿ ಮುಗಿಸುವ ಅವಸರ ಅವರದು. ಬೆಳಕು ಹರಿಯುವ ಮೊದಲೇ ಏಳುವುದು, ತಣ್ಣೀರಲ್ಲಿ ಮೀಯುವುದು, ಚಕ್ಕಳಮಕ್ಕಳ ಹಾಕಿ ಕೂತು ಮೊಬೈಲಿನಲ್ಲಿ ಯಾರದೋ ಪ್ರವಚನ ಕೇಳುವುದು. ಕೇಳುವುದು ಎಂದರೆ ಬೀದಿಗೆಲ್ಲ ಕೇಳಿಸುವುದು. ಆಮೇಲೆ ಬಿಸಿನೀರಿಗೆ ನಿಂಬೆರಸ, ಜೇನುತುಪ್ಪ. ಸುಧಾರಿಸುತ್ತಿದ್ದವರು ಅವರು, ನಿದ್ದೆಗಣ್ಣಲ್ಲಿ ನಿಂಬೆಹಣ್ಣು ಹಿಂಡುತ್ತಿದ್ದವಳು ನಾನು.

ಅದಾದ ಮೇಲೆ ಹಿನಕಲ್ಲಿನ ನಮ್ಮ ಮನೆಯಿಂದ ಜಯಲಕ್ಷ್ಮಿಪುರಂ ಪಾರ್ಕಿಗೆ ನಡೆದೇ ಹೋಗುತ್ತಿದ್ದರು. ಆರೋಗ್ಯಕ್ಕಾಗಿ ಎಂದು ಹೇಳಿಕೊಳ್ಳುತ್ತಿದ್ದರು, ಉಳಿಯುತ್ತಿದ್ದದ್ದು ಪೆಟ್ರೋಲು. ಪಾರ್ಕಿನಲ್ಲಿ ಅವರಂಥವರದೇ ಒಂದು ಬಳಗ. ಕೈ ತಟ್ಟಿ ನಗುತ್ತಾರೆ, ಮೂಗು ಹಿಡಿದು ಉಸಿರಾಡುತ್ತಾರೆ, ಆಮೇಲೆ ಬೆಂಚಿನ ಮೇಲೆ ಕೂತು ಸರದಿಯ ಮೇಲೆ ಬದುಕುವುದು ಹೇಗೆಂದು ಹೇಳಿಕೊಡುತ್ತಾರೆ. ಯಾರಿಗೆ ಅಂದರೆ ಒಬ್ಬರಿಗೊಬ್ಬರು. ನಮ್ಮವರ ವಿಷಯ ಯಾವಾಗಲೂ ತಾಳ್ಮೆ ಮತ್ತು ಉಳಿತಾಯ. ಅವೆರಡೂ ಒಂದೇ ಎಂಬುದು ಅವರ ಸಿದ್ಧಾಂತ. ಮನೆಯಲ್ಲಿ ಟೂತ್‌ಪೇಸ್ಟಿನ ಟ್ಯೂಬನ್ನು ಕತ್ತರಿಯಿಂದ ಸೀಳಿ ಒಳಗಿನದನ್ನು ಕೆರೆದು ಉಜ್ಜುವಾಗಲೂ ಅವರ ಮುಖದಲ್ಲಿ ತಪಸ್ಸಿನ ಕಳೆ ಇರುತ್ತಿತ್ತು. ಬ್ಯಾಂಕಿನ ಠೇವಣಿ ಪತ್ರಗಳನ್ನು ದೇವರ ಗೂಡಿನಲ್ಲೇ ಇಟ್ಟಿದ್ದರು. ದಿನಾ ಬೆಳಗ್ಗೆ ಗೂಡಿಗೆ ಕೈಮುಗಿಯುವಾಗ ಅವರು ಯಾರಿಗೆ ಮುಗಿಯುತ್ತಾರೆಂದು ನಾನು ಕೇಳಲು ಹೋಗಲಿಲ್ಲ.

ಇದನ್ನೆಲ್ಲ ನಗುತ್ತಾ ಸಹಿಸಿಕೊಂಡಿದ್ದೆ. ಹುಚ್ಚು ಯಾರಿಗಿಲ್ಲ, ನನಗೂ ಸೀರೆಗಳ ಹುಚ್ಚಿದೆ. ನಗು ನಿಂತದ್ದು ಅತ್ತೆಯ ಕಣ್ಣಿನ ವಿಷಯಕ್ಕೆ.

ನಮ್ಮದು ಲಿಂಗ ಕಟ್ಟುವ ಮನೆತನ. ಅತ್ತೆ ದಿನವೂ ಸ್ನಾನ ಮಾಡಿ, ವಿಭೂತಿ ಧರಿಸಿ, ಕೊರಳ ಕರಡಿಗೆಯಿಂದ ಲಿಂಗವನ್ನು ತೆಗೆದು ಎಡಗೈಯ ಮೇಲೆ ಇಟ್ಟುಕೊಂಡು ಅದನ್ನೇ ದಿಟ್ಟಿಸುತ್ತ ಕೂರುತ್ತಿದ್ದರು. ಅವರಿಗೆ ಗುಡಿ ಬೇಡ, ಯಾತ್ರೆ ಬೇಡ, ಅಂಗೈಯಲ್ಲಿ ಇದ್ದದ್ದನ್ನು ನೋಡಿದರೆ ಸಾಕು. ಒಂದು ದಿನ ಅಡಿಗೆಮನೆಯಿಂದ ನೋಡುತ್ತೇನೆ, ಅವರು ಏರಿಸಿದ ಬಿಲ್ವಪತ್ರೆ ಲಿಂಗದ ಮೇಲೆ ಕೂರದೆ ಮಡಿಲಿಗೆ ಬಿತ್ತು. ಇನ್ನೊಂದನ್ನು ಏರಿಸಿದರು, ಅದೂ ಬಿತ್ತು. ಕೊನೆಗೆ ಬಲಗೈ ಬೆರಳಲ್ಲಿ ಲಿಂಗವನ್ನು ತಡವಿ, ಎಲ್ಲಿದೆಯೆಂದು ಗೊತ್ತುಮಾಡಿಕೊಂಡು ಪತ್ರೆ ಇಟ್ಟರು.

"ಎಷ್ಟ್ ದಿನದಿಂದ ಅತ್ತೆ ಹೀಗೆ?" ಎಂದು ಕೇಳಿದೆ.

"ಮಂಜು ಮುಚ್ಕೊಂಡಂಗೆ ಕಾಣ್ತದೆ ಕಣಮ್ಮ. ಎಡಗಣ್ಣು ಜಾಸ್ತಿ, ಬಲಗಣ್ಣು ವಾಸಿ. ವಯಸ್ಸಾಯ್ತಲ್ಲ, ಬುಡು" ಎಂದರು.

ಸಂಜೆ ಯಜಮಾನರಿಗೆ ಹೇಳಿದೆ. ಅವರು ಅವ್ವನ ಎದುರು ಕೂತು, ರೆಪ್ಪೆ ಅಗಲಿಸಿ, ಮೊಬೈಲಿನ ಟಾರ್ಚು ಬಿಟ್ಟು ನೋಡಿದರು. ಕಣ್ಣಿನ ಡಾಕ್ಟರಾಗಿ ಮೂವತ್ತು ವರ್ಷ ಕಳೆದವರ ಹಾಗೆ ಬೆನ್ನು ನೆಟ್ಟಗೆ ಮಾಡಿಕೊಂಡರು.

"ಪೊರೆ ಬಂದಿದೆ. ಆದ್ರೆ ಇನ್ನೂ ಬಲಿತಿಲ್ಲ ಕಣೇ. ಹಸೀ ಪೊರೆ ತೆಗೆಸಿದ್ರೆ ಕಣ್ಣೇ ಹೋಗ್ಬುಡುತ್ತೆ. ಬಲೀಲಿ. ತಾಳ್ಮೆ ಬೇಕು."

"ಈಗ ಹಾಗೆಲ್ಲ ಇಲ್ವಂತೆ ರೀ. ಬಲಿಯೋವರೆಗೆ ಯಾರೂ ಕಾಯಲ್ಲ" ಎಂದೆ.

"ಅದು ಪ್ರೈವೇಟ್ ಆಸ್ಪತ್ರೆಯವ್ರು ದುಡ್ಡಿಗೋಸ್ಕರ ಹೇಳೋದು."

ಮುಗಿಯಿತು. ಅವರ ಲೋಕದಲ್ಲಿ ಹಣ ಕೇಳುವವನು ಸುಳ್ಳ, ಹಣ ಕೇಳದವನು ಜ್ಞಾನಿ. ಮಠದಲ್ಲಿ ವರ್ಷಕ್ಕೊಮ್ಮೆ ಉಚಿತ ಕಣ್ಣಿನ ಶಿಬಿರ ನಡೆಯುತ್ತದೆ, ಅಲ್ಲಿ ಮಾಡಿಸೋಣ ಎಂದರು. ಶಿಬಿರ ಬಂತು. ಅಲ್ಲಿಯ ಡಾಕ್ಟರು ನೋಡಿ, ಎಡಗಣ್ಣಿನದು ತಡಮಾಡಬೇಡಿ, ನಾಳೆಯೇ ಬನ್ನಿ ಎಂದರು. ನನಗೆ ಅಬ್ಬಾ ಎನ್ನಿಸಿತು. ಮನೆಗೆ ಬಂದ ಮೇಲೆ ಯಜಮಾನರಿಗೆ ಹೊಸ ಜ್ಞಾನೋದಯವಾಯಿತು. ಪುಕ್ಕಟೆ ಹಾಕುವ ಲೆನ್ಸು ಕಳಪೆ ಇರುತ್ತದಂತೆ. ಹೆತ್ತ ತಾಯಿಗೆ ಕಳಪೆ ಲೆನ್ಸು ಹಾಕಿಸುವುದುಂಟೇ? ಒಳ್ಳೆಯದನ್ನೇ ಹಾಕಿಸೋಣ, ಠೇವಣಿಯ ಅವಧಿ ಮುಗಿಯಲಿ, ನಡುವೆ ಮುರಿದರೆ ಬಡ್ಡಿ ಹೋಗುತ್ತದೆ. ಅಂದರೆ ಒಂದು ಕಡೆ ಪೊರೆ ಬಲಿಯಬೇಕು, ಇನ್ನೊಂದು ಕಡೆ ಠೇವಣಿ ಬಲಿಯಬೇಕು. ಎರಡಕ್ಕೂ ಕಾಯುತ್ತ ಕೂರಬೇಕಾದವರು ಅತ್ತೆ.

ಅದೇ ವರ್ಷ ಪಾರ್ಕಿನ ಬಳಗದವರ ಜೊತೆ ಅವರು ಹಿಮಾಲಯದ ಯಾತ್ರೆಗೆ ಹೋಗಿಬಂದರು. ಹೊಸ ಸ್ವೆಟರು, ಹೊಸ ಬೂಟು, ಹೋಗುತ್ತ ರೈಲು, ಬರುತ್ತ ವಿಮಾನ. ಅದು ಖರ್ಚಲ್ಲ, ಆತ್ಮೋನ್ನತಿ. ಹಿಂದಿರುಗಿ ಬಂದು ಅತ್ತೆಗೆ ಮೊಬೈಲಿನಲ್ಲಿ ಹಿಮದ ಬೆಟ್ಟಗಳ ಫೋಟೋ ತೋರಿಸಿದರು. ಅತ್ತೆ ಫೋನನ್ನು ಮೂಗಿನ ಹತ್ತಿರ ಹಿಡಿದುಕೊಂಡು, "ಸಂದಾಗದೆ ಕಣಪ್ಪ, ಬೆಳ್ಳಗೆ" ಎಂದರು. ಅವರಿಗೆ ಆಗ ಎಲ್ಲವೂ ಬೆಳ್ಳಗೇ ಕಾಣುತ್ತಿತ್ತು.

ನಾನು ಯಾಕೆ ಸುಮ್ಮನಿದ್ದೆ ಎಂದು ನೀವು ಕೇಳಬಹುದು. ಸುಮ್ಮನಿರಲಿಲ್ಲ. ನಾನು ಖಾಸಗಿ ಕಾಲೇಜೊಂದರ ಗ್ರಂಥಾಲಯದಲ್ಲಿ ಕೆಲಸ ಮಾಡುತ್ತೇನೆ, ಸಂಬಳ ದೊಡ್ಡದಲ್ಲದಿದ್ದರೂ ನನ್ನದು. ರಜೆ ಹಾಕಿ, ಆಟೋ ಕರೆಸಿ, ಹೊರಡಿ ಅತ್ತೆ ಎಂದು ಬಾಗಿಲಲ್ಲಿ ನಿಂತದ್ದುಂಟು. ಅವರು ಸೆರಗನ್ನು ಬಿಗಿಯಾಗಿ ಹೊದ್ದುಕೊಂಡು ಮಂಚ ಬಿಟ್ಟು ಏಳಲಿಲ್ಲ.

"ನೀನ್ ಕರ್ಕೊಂಡೋದ್ರೆ ನಾಕ್ ಜನ ಏನಂತಾರೆ? ಮಗ ಇದ್ದೂ ಸೊಸೆ ಮಾಡ್ಸುದ್ಲು ಅಂತಾರೆ. ಅವನ ಬಾಯಲ್ಲೇ ಬರ್ಲಿ ಕಣಮ್ಮ. ನಡಿಯವ್ವ ಹೋಗನ ಅಂತ ಅವನೊಂದ್ ಮಾತು ಅನ್ಲಿ, ಬರಿಗಾಲಲ್ಲಿ ಬತ್ತೀನಿ."

ಅವರು ಕಾಯುತ್ತಿದ್ದದ್ದು ಪೊರೆ ಬಲಿಯಲಿ ಎಂದಲ್ಲ. ಮಗನ ಬಾಯಿಂದ ಒಂದು ಮಾತು ಬರಲಿ ಎಂದು. ಇದನ್ನು ಯಜಮಾನರಿಗೆ ನೇರವಾಗಿಯೇ ಹೇಳಿದೆ. ಅವರು ಕಣ್ಣು ಮುಚ್ಚಿ, ಮೂಗಿನಲ್ಲಿ ಉದ್ದಕ್ಕೆ ಉಸಿರು ಎಳೆದುಕೊಂಡು, "ಸಿಟ್ಟು ನಿನ್ನ ಆರೋಗ್ಯಕ್ಕೆ ಒಳ್ಳೇದಲ್ಲ" ಎಂದರು. ಕೈಗೆ ಸಿಕ್ಕಿದ್ದ ಲೋಟವನ್ನು ನಾನು ಕೆಳಗಿಟ್ಟೆ. ಎಸೆಯಬೇಕಿತ್ತು.

ಇಷ್ಟಾದರೂ ಸಾಲದೆಂಬಂತೆ ಬಳಗದವರು ವಾರ್ಷಿಕೋತ್ಸವದಲ್ಲಿ ಅತ್ತೆಗೆ ಸನ್ಮಾನ ಇಟ್ಟುಕೊಂಡರು. ಆದರ್ಶ ತಾಯಿ ಎಂಬ ಬಿರುದು. ಜಯಲಕ್ಷ್ಮಿಪುರಂನ ಒಂದು ಸಣ್ಣ ಸಭಾಂಗಣ, ಪ್ಲಾಸ್ಟಿಕ್ ಕುರ್ಚಿಗಳು, ಕೇಸರಿಬಾತಿನ ವಾಸನೆ. ನಮ್ಮವರು ಮೈಕಿನ ಮುಂದೆ ನಿಂತು ತಾಳ್ಮೆಯ ಬಗ್ಗೆ ಭಾಷಣ ಮಾಡಿದರು. "ನಮ್ಮ ತಾಯಿಯವರನ್ನೇ ನೋಡಿ. ಕಣ್ಣು ಮಂಜಾದರೂ ಒಂದು ದಿನ ಗೊಣಗಿದವರಲ್ಲ. ಹೊರಗಿನ ಕಣ್ಣು ಮುಚ್ಚಿದರೆ ಒಳಗಿನ ಕಣ್ಣು ತೆರೆಯುತ್ತದೆ ಎಂಬುದಕ್ಕೆ ಇವರೇ ಸಾಕ್ಷಿ" ಎಂದರು. ಮುಂದಿನ ಸಾಲಿನ ಹೆಂಗಸರು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಒರೆಸಿಕೊಳ್ಳಲು ಅವರಿಗೆ ಕಣ್ಣು ಚೆನ್ನಾಗಿಯೇ ಇದ್ದವು.

ಶಾಲು ಹೊದಿಸಿ, ಹಾರ ಹಾಕಿ, ಹಣ್ಣಿನ ಬುಟ್ಟಿ ಕೊಟ್ಟರು. ಅತ್ತೆ ವಿನಯದಿಂದ ತಿರುಗಿ ಸಭೆಗೆ ಕೈಮುಗಿದರು. ಮುಗಿದದ್ದು ಸಭೆಗಲ್ಲ. ವೇದಿಕೆಯ ಮೂಲೆಯಲ್ಲಿದ್ದ ಧ್ವನಿವರ್ಧಕದ ಪೆಟ್ಟಿಗೆಗೆ. ಶಬ್ದ ಬರುತ್ತಿದ್ದ ಕಡೆಗೆ ಜನ ಇದ್ದಾರೆ ಎಂದುಕೊಂಡಿದ್ದರು. ತಲೆ ಬಾಗಿಸಿ, ಆ ಕರೀ ಪೆಟ್ಟಿಗೆಯ ಎದುರು ಬಹಳ ಹೊತ್ತು ಕೈಮುಗಿದು ನಿಂತರು. ಜನ ಚಪ್ಪಾಳೆ ತಟ್ಟಿದರು. ಯಜಮಾನರೂ ತಟ್ಟಿದರು. ನಾನು ವೇದಿಕೆ ಹತ್ತಿ, ಅವರ ಭುಜ ಹಿಡಿದು ಜನರ ಕಡೆಗೆ ತಿರುಗಿಸಿದೆ. ಅಲ್ಲಿ ಕೂತಿದ್ದ ಒಬ್ಬರಿಗೂ ನಾಚಿಕೆಯಾಗಲಿಲ್ಲ, ನನಗೆ ಆಯಿತು.

ಆ ವಾರವೇ ಅತ್ತೆಯ ಎಡಗಣ್ಣು ಕೆಂಪಗೆ ಊದಿಕೊಂಡಿತು. ತಲೆ ಸಿಡಿಯುತ್ತದೆ ಎಂದರು, ಕುಡಿದ ಗಂಜಿಯನ್ನೂ ಕಕ್ಕಿಕೊಂಡರು. ಯಜಮಾನರು ಪಿತ್ತ ಎಂದರು, ಹರಳೆಣ್ಣೆ ತಟ್ಟಿದರು, ಹಿತ್ತಲಿನ ನಂದಿಬಟ್ಟಲು ಹೂವನ್ನು ಕಣ್ಣಿನ ಮೇಲೆ ಇಟ್ಟರು. ಎರಡು ದಿನ ಇದೇ ಚಿಕಿತ್ಸೆ. ಮೂರನೆಯ ದಿನ ಅವರು ಪಾರ್ಕಿಗೆ ಹೋದ ಹೊತ್ತಿನಲ್ಲಿ ನಾನು ಅತ್ತೆಯನ್ನು ಕೇಳದೆಯೇ ಆಟೋಗೆ ಹತ್ತಿಸಿದೆ. ಅವರಿಗೆ ಬೇಡ ಎನ್ನುವ ಶಕ್ತಿಯೂ ಉಳಿದಿರಲಿಲ್ಲ. ಹುಣಸೂರು ರಸ್ತೆಯುದ್ದಕ್ಕೂ ನನ್ನ ತೊಡೆಯ ಮೇಲೆ ತಲೆಯಿಟ್ಟುಕೊಂಡಿದ್ದರು.

ಆಸ್ಪತ್ರೆಯ ಡಾಕ್ಟರಮ್ಮ ನೋಡಿದವರೇ, "ಯಾಕಮ್ಮ ಇಷ್ಟ್ ದಿನ ಬಿಟ್ರಿ?" ಎಂದರು. ಬಲಿಯಲಿ ಅಂತ ಕಾದೆವು ಎಂದೆ. ಅವರು ನನ್ನನ್ನು ನೋಡಿದ ನೋಟಕ್ಕೆ ನಾನು ತಲೆ ತಗ್ಗಿಸಬೇಕಾಯಿತು. ಪೊರೆ ಅತಿಯಾಗಿ ಬಲಿತು ಕಣ್ಣೊಳಗೆ ಒತ್ತಡ ಏರಿತ್ತಂತೆ. ಒತ್ತಡ ಇಳಿಸಬಹುದು, ನೋವು ಕಮ್ಮಿಯಾಗುತ್ತದೆ, ಆದರೆ ಎಡಗಣ್ಣಿನ ನರ ಸತ್ತಿದೆ, ಅದರಲ್ಲಿ ಇನ್ನು ನೋಟ ಬರುವುದಿಲ್ಲ ಎಂದರು. ಎಡಗಣ್ಣಿನ ಉರಿ ಇಳಿದ ಮೇಲೆ ಬಲಗಣ್ಣಿಗಾದರೂ ಪೊರೆ ತೆಗೆಯೋಣ, ಅದಕ್ಕೂ ಕಾಯುತ್ತ ಕೂರಬೇಡಿ ಎಂದರು.

ರಾತ್ರಿ ಇದನ್ನು ಯಜಮಾನರಿಗೆ ಹೇಳಿದಾಗ ಅವರ ಮುಖ ಒಂದು ಕ್ಷಣ ಬಿಳಿಚಿತು. ಒಂದೇ ಕ್ಷಣ. ಆಮೇಲೆ ಸುಧಾರಿಸಿಕೊಂಡರು, ಅದನ್ನೇ ಅಲ್ಲವೇ ಅಷ್ಟು ದಿನ ಅಭ್ಯಾಸ ಮಾಡಿದ್ದು.

"ಒಂದ್ ಕಣ್ಣಾದ್ರೂ ಉಳೀತಲ್ಲ, ಪಾಸಿಟಿವ್ ಆಗಿ ಯೋಚ್ನೆ ಮಾಡು. ದೇವರು ದೊಡ್ಡೋನು."

"ದೇವರು ದೊಡ್ಡೋನೇ, ನೀವು ಚಿಕ್ಕೋರು" ಎಂದೆ. ಮದುವೆಯಾಗಿ ಇಷ್ಟು ವರ್ಷಗಳಲ್ಲಿ ಅವರಿಗೆ ನಾನು ಅಂಥ ಮಾತು ಆಡಿದ್ದು ಅದೇ ಮೊದಲು. ಹೇಳಿ ಮುಗಿಸಿದ ಮೇಲೆ ನನಗೆ ಚೆನ್ನಾಗಿ ನಿದ್ದೆ ಬಂತು.

ಬಲಗಣ್ಣಿನ ಆಪರೇಷನ್ ಆದ ಮರುದಿನ ಪಟ್ಟಿ ಬಿಚ್ಚಿದರು. ಅತ್ತೆ ರೆಪ್ಪೆ ಬಡಿದರು, ಗೋಡೆಯನ್ನು ನೋಡಿದರು, ನನ್ನನ್ನು ನೋಡಿದರು.

"ಅಸುರು ಸೀರೆ ಉಟ್ಟಿದ್ದೀಯ" ಎಂದರು.

ಹೌದು ಅತ್ತೆ ಎಂದೆ. ಅವರು ಕರಡಿಗೆಯನ್ನು ಬಿಚ್ಚಿ ಲಿಂಗವನ್ನು ಅಂಗೈಗೆ ತೆಗೆದುಕೊಂಡರು. ಹತ್ತಿರ ಹಿಡಿದು ನೋಡಿದರು, ದೂರ ಹಿಡಿದು ನೋಡಿದರು. ಆಮೇಲೆ ತಲೆ ತಗ್ಗಿಸಿ ಅದನ್ನೇ ನೋಡುತ್ತ ಕೂತರು. ನಾನು ಮಂಚದ ಬಲಬದಿಗೆ ನಿಂತಿದ್ದೆ.

ಅದೇ ಹೊತ್ತಿಗೆ ಯಜಮಾನರು ಒಳಗೆ ಬಂದರು. ಚಪ್ಪಲಿಯನ್ನು ಹೊರಗೆ ಬಿಟ್ಟು, ಸದ್ದಾಗದ ಹಾಗೆ ನಡೆದು, ಮಂಚದ ಎಡಬದಿಗೆ, ಅತ್ತೆಯ ನೋಟ ಹೋದ ಕಣ್ಣಿನ ಕಡೆಗಿದ್ದ ಸ್ಟೂಲಿನ ಮೇಲೆ ಕೂತರು. ಅವ್ವನಿಂದ ಒಂದು ಮೊಳ ದೂರ. ಇಡೀ ಊರಿಗೆ ಹೇಗೆ ಬದುಕಬೇಕೆಂದು ಹೇಳಿದವರಿಗೆ ಆ ಸ್ಟೂಲಿನ ಮೇಲೆ ಒಂದು ಶಬ್ದವೂ ಸಿಗಲಿಲ್ಲ. ಮೊಣಕಾಲಿನ ಮೇಲೆ ಕೈಯಿಟ್ಟುಕೊಂಡು ನೆಲ ನೋಡುತ್ತಿದ್ದರು.

ಅತ್ತೆ ಲಿಂಗವನ್ನು ಕಣ್ಣಿಗೊತ್ತಿಕೊಂಡು ಕರಡಿಗೆಯೊಳಗೆ ಇಟ್ಟರು. ಬಾಗಿಲ ಕಡೆಗೊಮ್ಮೆ ನೋಡಿ, ನನ್ನ ಕಡೆ ನೋಡಿದರು.

"ಅವನು ಬರ್ಲಿಲ್ವಾ ಕಣಮ್ಮ?"

ನಾನು ಅವರ ತಲೆಯ ಮೇಲಿನಿಂದ ಯಜಮಾನರನ್ನು ನೋಡಿದೆ. ಅವ್ವ ಎಂದು ಒಂದು ಸಲ ಕರೆದಿದ್ದರೆ ಸಾಕಿತ್ತು. ಕರೆಯಲಿ ಎಂದು ನಾನೂ ಕಾದೆ. ಅವರ ತುಟಿ ಅಲುಗಿತು, ಅಷ್ಟೇ.

"ಇಲ್ಲ ಅತ್ತೆ, ಬಂದಿಲ್ಲ" ಎಂದೆ.

ಯಜಮಾನರು ತಲೆಯೆತ್ತಿ ನನ್ನನ್ನು ನೋಡಿದರು. ಮತ್ತೆ ನೆಲದ ಕಡೆಗೇ ಕಣ್ಣಿಳಿಸಿದರು.

"ಬತ್ತಾನೆ ಬುಡು" ಎಂದರು ಅತ್ತೆ, ದಿಂಬಿಗೆ ಒರಗಿ ಬಾಗಿಲ ಕಡೆಗೇ ನೋಡುತ್ತ. "ಏನೋ ಕೆಲ್ಸ ಇರ್ಬೇಕು. ಅವನು ಬರೋಗಂಟ ಈ ಕಣ್ಣು ಮುಚ್ಚಾಕಿಲ್ಲ ನಾನು."