ಗಂಡು ನೊಣದ ಉದ್ದ ಕೊಕ್ಕೆ

ಗರಿಯಾಹಾಟಿನ ಮಾರುಕಟ್ಟೆಯಲ್ಲಿ ಹಣ್ಣು ಮಾರುವ, ಎಲ್ಲರೂ ಮಾಶಿ ಎಂದು ಕರೆಯುವ ಹೆಂಗಸಿಗೆ ನನ್ನ ಮೇಲೆ ಇವತ್ತಿಗೂ ಸಿಟ್ಟು. ಮೊದಲ ದಿನವೇ ನಾನು ಅವಳ ಬುಟ್ಟಿಯ ಮೇಲೆ ಬಾಗಿ, ನೊಣ ಸಿಗುತ್ತದೆಯೇ ಎಂದು ಕೇಳಿಬಿಟ್ಟಿದ್ದೆ. ತನ್ನ ಹಣ್ಣಿಗೆ ನೊಣ ಮುತ್ತುವುದೇ ಇಲ್ಲವೆಂದು ಅವಳು ಬೀದಿಗೆಲ್ಲ ಕೇಳುವಂತೆ ಕೂಗಾಡಿದಳು. ಕೊಳೆತ ಬಾಳೆಹಣ್ಣಿನ ಸುತ್ತ ಹಾರುವ ಆ ಪುಟ್ಟ ನೊಣಗಳನ್ನು ಕೊಯ್ದು ನೋಡುವುದೇ ನನ್ನ ಉದ್ಯೋಗವೆಂದು ಹರಕು ಬಂಗಾಳಿಯಲ್ಲಿ ವಿವರಿಸುವಷ್ಟರಲ್ಲಿ ನನಗೆ ಸಾಕುಸಾಕಾಯಿತು.

ಹೊರಗಿನಿಂದ ಒಂದೇ ಥರ ಕಾಣುವ ಎರಡು ಜಾತಿಯ ಹಣ್ಣಿನ ನೊಣಗಳನ್ನು ಗುರುತಿಸಬೇಕಾದರೆ ಗಂಡಿನ ಹೊಟ್ಟೆಯ ತುದಿಯನ್ನು ಬಿಡಿಸಿ ನೋಡಬೇಕು. ಕೂಡುವಾಗ ಹೆಣ್ಣನ್ನು ಹಿಡಿದುಕೊಳ್ಳಲು ಅಲ್ಲಿ ಎರಡು ಕೊಕ್ಕೆಗಳಿರುತ್ತವೆ. ರೆಕ್ಕೆ, ಕಾಲು ಹೇಗಿದ್ದವೋ ಹಾಗೇ ಉಳಿದರೂ ಈ ಭಾಗ ಮಾತ್ರ ಜಾತಿಯಿಂದ ಜಾತಿಗೆ ಬೇಗ ಬೇಗ ರೂಪ ಬದಲಿಸುತ್ತದೆ. ಅದರ ಜೊತೆಗೆ ಹೆಣ್ಣಿನ ಒಳಭಾಗವೂ ಬದಲಾಗುತ್ತದೆ. ನಾವು ಹಿಡಿದ ನೊಣದ ಹತ್ತಿರದ ಬಂಧುಗಳಲ್ಲೆಲ್ಲ ಎಡ ಕೊಕ್ಕೆ ಉದ್ದ. ನಮ್ಮದರಲ್ಲಿ ಬಲಗಡೆಯದು ಉದ್ದವಿತ್ತು. ಹೊಸ ಜಾತಿ ಸಿಕ್ಕಿತೆಂದು ನಾನು ಕುಣಿದಾಡಿದೆ.

ನನ್ನ ವಿದ್ಯಾರ್ಥಿನಿ, ಧಾರವಾಡದ ಹುಡುಗಿ, ತನ್ನ ಪಿಎಚ್‌.ಡಿ. ಪ್ರಬಂಧವನ್ನು ಇದರ ಮೇಲೆಯೇ ಕಟ್ಟಿದ್ದಳು. ಮುಂದಿನ ತಿಂಗಳು ಸಲ್ಲಿಸಿದರೆ ಊರಿನ ಕಾಲೇಜಿನಲ್ಲಿ ಕೆಲಸ ಕಾದಿತ್ತು.

ಪ್ರಬಂಧದ ಮೊದಲ ಪುಟಕ್ಕೆ ಇಡೀ ನೊಣದ ಚಿತ್ರವೊಂದು ಇರಲಿ ಎಂದು ಒಂದು ಬೆಳಿಗ್ಗೆ ನಾನೇ ಗಂಡು ನೊಣವೊಂದನ್ನು ಅಂಗಾತ ಮಲಗಿಸಿ ಸೂಕ್ಷ್ಮದರ್ಶಕದ ಕೆಳಗಿಟ್ಟೆ. ಎಡ ಕೊಕ್ಕೆ ಉದ್ದವಿತ್ತು. ಇನ್ನೊಂದನ್ನು ಇಟ್ಟೆ. ಅದರದೂ ಎಡ. ಐದನೆಯದೂ ಹಾಗೇ ಇದ್ದಾಗ ನಮ್ಮ ಹಳೆಯ ಸ್ಲೈಡುಗಳ ಪೆಟ್ಟಿಗೆ ತೆರೆದೆ.

ಕೊಕ್ಕೆಯ ತುಣುಕನ್ನು ಗಾಜಿನ ಮೇಲೆ ಕೂರಿಸುವಾಗ ಹೊಟ್ಟೆಯ ಕಡೆ ಮೇಲಿರಬೇಕು. ನಾನು ಹಿಂದೆ ವರ್ಷಗಟ್ಟಲೆ ಕೆಲಸ ಮಾಡಿದ್ದು ಹೆಣ್ಣು ನೊಣ ವೀರ್ಯ ಕೂಡಿಟ್ಟುಕೊಳ್ಳುವ ಚೀಲಗಳ ಮೇಲೆ. ಅವನ್ನು ಹೇಗೆ ಕೂರಿಸಿದರೂ ನಡೆಯುತ್ತದೆ. ಅದೇ ಅಭ್ಯಾಸದಲ್ಲಿ ಮೊದಲ ಸ್ಲೈಡುಗಳನ್ನೆಲ್ಲ ಬೆನ್ನು ಮೇಲಾಗಿ ಮಾಡಿದ್ದೆ; ಹಾಗಾಗಿ ಎಡಗಡೆಯದು ಬಲಗಡೆಯದಾಗಿ ಕಂಡಿತ್ತು. ಅವಳು ನನ್ನದನ್ನೇ ಮಾದರಿಯಾಗಿಟ್ಟುಕೊಂಡು ಉಳಿದವನ್ನು ಮಾಡಿದ್ದಳು. ಹೊಸ ಜಾತಿಯೂ ಇಲ್ಲ, ಏನೂ ಇಲ್ಲ.

ಅವಳನ್ನು ಕರೆದು ತೋರಿಸಿದೆ. ಅವಳು ಕಣ್ಣಿಟ್ಟು ನೋಡಲೇ ಇಲ್ಲ. ತನ್ನ ಮೇಜಿನಿಂದ ನೋಟ್‌ಬುಕ್ ತಂದು ಒಂದು ಹಾಳೆ ತೆರೆದಳು. ಪೆನ್ಸಿಲಿನಲ್ಲಿ ಇಡೀ ನೊಣ, ಎಡ ಕೊಕ್ಕೆ ಉದ್ದ. ದುರ್ಗಾಪೂಜೆಯ ರಜೆಗೂ ಮೊದಲು ಬರೆದ ಚಿತ್ರ.

“ಗೊತ್ತಿದ್ದೂ ಯಾಕೆ ಹೇಳ್ಲಿಲ್ಲ?” ನನ್ನ ದನಿ ಏರಿತು.

“ಕೇಳಿದ್ನಿರಿ ಮೇಡಂ, ಒಮ್ಮೆ ಹೊರಳಿಸಿ ನೋಡೂಣೇನ್ರಿ ಅಂತ. ‘ಸ್ಲೈಡ್ ಮಾಡೋದು ನಂಗೇ ಕಲಿಸ್ತೀಯಾ’ ಅಂದ್ರಿ. ಎಲ್ಲಾರ ಮುಂದ. ಆಮ್ಯಾಲ ನನ್ನ ಕಣ್ಣೇ ತಪ್ಪಿರಬೇಕು ಅಂತ ಸುಮ್ಮನಾದ್ನಿ.”

ಹಾಗೆ ಅಂದದ್ದು ನನಗೆ ನೆನಪಿರಲಿಲ್ಲ. ಆದರೆ ಆ ಮಾತು ನನ್ನದೇ, ಅನುಮಾನವಿಲ್ಲ; ನನ್ನ ಬಾಯಿ ಅಂಥದ್ದು. ಅವಳ ಮುಂದೆ ನಿಲ್ಲಲು ನಾಚಿಕೆಯಾಯಿತು. ಪ್ರಬಂಧ ಸಲ್ಲಿಸುವುದು ಇನ್ನೊಂದು ವರ್ಷ ಮುಂದಕ್ಕೆ ಹೋಗುತ್ತಿತ್ತು, ಕಾಲೇಜಿನವರು ಅಷ್ಟು ದಿನ ಕಾಯುವವರಲ್ಲ.

“ತಪ್ಪು ನಂದೇ ಕಣೇ,” ಎಂದೆ.

ಬಸ್ಸಿನಲ್ಲಿ ಯಾರಾದರೂ ಕಾಲು ತುಳಿದರೂ “ಇರ್ಲಿ ಬಿಡ್ರಿ” ಅನ್ನುವ ಹುಡುಗಿ ಅವಳು. ಆ ದಿನ ಅನ್ನಲಿಲ್ಲ.